ಹಸ್ತವೋ, ಹಲಧರನೋ, ಮನೆಯಲ್ಲೇ ಉಳಿಯುವುದೋ: 1978ರ ಚಿಕ್ಕಮಗಳೂರು

1978ರ ನವೆಂಬರ್ 5, ಭಾನುವಾರ. ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ಮತದಾನ. ಅಂದಿನ ತರೀಕೆರೆ ತಾಲ್ಲೂಕಿನ ಪೂರ್ವದ ಅಂಚಿನಲ್ಲಿದ್ದ ಶಿವನಿ ಹೋಬಳಿಯೂ ಈ ಕ್ಷೇತ್ರಕ್ಕೆ ಸೇರಿತ್ತು. ಬೀರೂರಿನಿಂದ ಹೊರಟ ಮೀಟರ್ ಗೇಜ್ ರೈಲು ಅಜ್ಜಂಪುರ ದಾಟಿದರೆ ಶಿವನಿ. ಅಲ್ಲಿಂದ ಮುಂದೆ ಹೊಸದುರ್ಗದ ಸೀಮೆ. ಇದೇ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಿದ್ದರೂ ಶಿವನಿ ಕಡೆಯ ರೈತ ಮಳೆಯನ್ನೇ ನಂಬಿ ಬಿತ್ತಬೇಕಿತ್ತು. ಇಂಥ ಬಯಲಿನಿಂದ ಶುರುವಾದ ಕ್ಷೇತ್ರ ಕಾಫಿ ತೋಟಗಳನ್ನು ಹತ್ತಿ, ಘಟ್ಟ ಇಳಿದು, ದಕ್ಷಿಣ ಕನ್ನಡದ ಕಾರ್ಕಳ ಮತ್ತು ಬೆಳ್ತಂಗಡಿಯವರೆಗೂ ಚಾಚಿತ್ತು. ರಾಗಿ ಹೊಲದವನು, ತೋಟದ ಆಳು, ಅಡಿಕೆಯವನು, ಗೇಣಿ ಗದ್ದೆಯವನು ಎಲ್ಲರೂ ಒಂದೇ ಪಟ್ಟಿಯ ಮತದಾರರು.

ಆ ದಿನ ಕೈಗೆ ಬಂದ ಮತಪತ್ರದಲ್ಲಿ ಪಕ್ಷೇತರರ ದಂಡೇ ಇತ್ತು. ಲೆಕ್ಕಕ್ಕೆ ಬರುವವರು ಮಾತ್ರ ಇಬ್ಬರು. ಒಬ್ಬರು ಹಸ್ತದ ಗುರುತಿನ ಇಂದಿರಾ ಗಾಂಧಿ, ಹತ್ತೊಂಬತ್ತು ತಿಂಗಳ ಹಿಂದಷ್ಟೇ ಅಧಿಕಾರ ಕಳೆದುಕೊಂಡ ಮಾಜಿ ಪ್ರಧಾನಿ. ಇನ್ನೊಬ್ಬರು ನೇಗಿಲು ಹೊತ್ತ ರೈತನ ಗುರುತಿನ ಜನತಾ ಪಕ್ಷದ ವೀರೇಂದ್ರ ಪಾಟೀಲ, 1968ರಿಂದ 1971ರವರೆಗೆ ಮುಖ್ಯಮಂತ್ರಿಯಾಗಿದ್ದವರು. ಇಬ್ಬರೂ ಈ ಜಿಲ್ಲೆಯವರಲ್ಲ. ಪಾಟೀಲರು ದೂರದ ಚಿಂಚೋಳಿಯವರು; ಇಂದಿರಾ ಬಗ್ಗೆ ಹೇಳುವುದೇ ಬೇಡ.

ತುರ್ತುಪರಿಸ್ಥಿತಿಯನ್ನು ಮನಸಾರೆ ದ್ವೇಷಿಸಿದವನು ಈ ಇಬ್ಬರಲ್ಲಿ ಯಾರಿಗೆ ಮುದ್ರೆ ಒತ್ತಬೇಕಿತ್ತು? ಉತ್ತರ ಸರಳ ಎಂದು ದೆಹಲಿಯ ಪತ್ರಿಕೆಗಳಿಗೆ ಅನ್ನಿಸಿರಬಹುದು. ಕ್ಷೇತ್ರದೊಳಗೆ ಅದು ಅಷ್ಟು ಸರಳವಾಗಿರಲಿಲ್ಲ.

ಹಿಂದಿನ ಕತೆ ಎಲ್ಲರಿಗೂ ಗೊತ್ತಿರುವಂಥದ್ದೇ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಮರುದಿನ ಬೆಂಗಳೂರಿನಲ್ಲಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಬಂಧನಕ್ಕೊಳಗಾಗಿ ಇಲ್ಲಿನ ಸೆಂಟ್ರಲ್ ಜೈಲು ಸೇರಿದರು. ದೇಶದಾದ್ಯಂತ ಲಕ್ಷಕ್ಕೂ ಹೆಚ್ಚು ಜನ ವಿಚಾರಣೆಯಿಲ್ಲದೆ ಕೊಳೆತರೆಂದು ಆಮೇಲೆ ಷಾ ಆಯೋಗ ಲೆಕ್ಕ ಕೊಟ್ಟಿತು. ಕರ್ನಾಟಕ ಉತ್ತರದ ರಾಜ್ಯಗಳಷ್ಟು ನರಳಲಿಲ್ಲ ಎನ್ನುವ ಮಾತಿದೆ. ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಅದು ಸರಿ. ಆದರೆ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ಆಸ್ತಮಾ ಇಟ್ಟುಕೊಂಡು ತಿಂಗಳುಗಟ್ಟಲೆ ನರಳಿದ್ದು ಬೆಂಗಳೂರಿನ ಜೈಲಿನಲ್ಲೇ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ಅವರು ತೀರಿಕೊಂಡರು. ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆ ಹೇಳು ಎಂದು ಅವರ ತಮ್ಮ ಲಾರೆನ್ಸ್‌ರನ್ನು ಪೊಲೀಸರು ಮೂಳೆ ಮುರಿಯುವಂತೆ ಹೊಡೆದದ್ದೂ ಬೆಂಗಳೂರಿನಲ್ಲೇ. ಆಗ ರಾಜ್ಯದ ಮುಖ್ಯಮಂತ್ರಿ ದೇವರಾಜ ಅರಸು. ಈ ಹೆಸರನ್ನು ನೆನಪಿಡಬೇಕು, ಏಕೆಂದರೆ ಕತೆಯ ಇನ್ನೊಂದು ತುದಿಯಲ್ಲೂ ಅವರೇ ನಿಂತಿದ್ದಾರೆ.

1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿತು. ರಾಯ್‌ಬರೇಲಿಯಲ್ಲಿ ರಾಜನಾರಾಯಣರ ಎದುರು ಇಂದಿರಾ 55 ಸಾವಿರ ಮತಗಳಿಂದ ಸೋತರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂತು. 1978ರ ಜನವರಿಯಲ್ಲಿ ಪಕ್ಷ ಒಡೆದು ಇಂದಿರಾ ಕಾಂಗ್ರೆಸ್ ಹುಟ್ಟಿತು. ಮುಂದಿನ ತಿಂಗಳೇ ನಡೆದ ವಿಧಾನಸಭಾ ಚುನಾವಣೆಯಲ್ಲಿ ಅರಸು 224ರಲ್ಲಿ 149 ಸ್ಥಾನ ಗೆದ್ದು ಅದರ ಬಲ ತೋರಿಸಿದರು. ಸಂಸತ್ತಿಗೆ ಮರಳಲು ಇಂದಿರಾಗೆ ಭದ್ರವಾದ ಜಾಗ ಬೇಕಿತ್ತು. 1971ರಿಂದ ಚಿಕ್ಕಮಗಳೂರಿನ ಸಂಸದರಾಗಿದ್ದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದರು, ರಾಜ್ಯದಲ್ಲಿ ಮಂತ್ರಿಯಾದರು.

ಇಂದಿರಾ ವಿರುದ್ಧ ಡಾ. ರಾಜ್‌ಕುಮಾರ್ ಅವರನ್ನು ನಿಲ್ಲಿಸಬೇಕೆಂದು ವಿರೋಧ ಪಕ್ಷದವರು ಹುಡುಕಾಡಿದರು, ಅವರು ಯಾರ ಕೈಗೂ ಸಿಗದೆ ತಪ್ಪಿಸಿಕೊಂಡರು ಎಂಬುದು ಇವತ್ತಿಗೂ ಜನ ಹೇಳುವ ಕತೆ. ವಿವರಗಳು ಬಾಯಿಂದ ಬಾಯಿಗೆ ಬದಲಾಗುತ್ತವೆ. ಅಣ್ಣಾವ್ರು ಆಗಲೂ ನಿಲ್ಲಲಿಲ್ಲ, ಆಮೇಲೂ ಯಾವ ಚುನಾವಣೆಗೂ ನಿಲ್ಲಲಿಲ್ಲ ಎಂಬುದಷ್ಟು ನಿಜ. ಕೊನೆಗೆ ಜನತಾ ಪಕ್ಷ ವೀರೇಂದ್ರ ಪಾಟೀಲರನ್ನು ಆರಿಸಿತು. ಕೈ ಶುದ್ಧ ಇಟ್ಟುಕೊಂಡ ಆಡಳಿತಗಾರ ಎಂಬ ಹೆಸರು ಅವರಿಗಿತ್ತು. ಕಡೂರು, ತರೀಕೆರೆ, ಅಜ್ಜಂಪುರ ಭಾಗದಲ್ಲಿ ಲಿಂಗಾಯತರು ಗಣನೀಯವಾಗಿದ್ದರೆಂಬ ಲೆಕ್ಕವೂ ಅದರ ಹಿಂದಿತ್ತು. ಕೇಂದ್ರದ ಕೈಗಾರಿಕಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಕ್ಷೇತ್ರದಲ್ಲಿ ಬೀಡುಬಿಟ್ಟು ಪ್ರಚಾರದ ಹೊಣೆ ಹೊತ್ತರು. ಅವರು ಮಂಗಳೂರಿನವರು. ತುಳು, ಕೊಂಕಣಿ, ಕನ್ನಡ ಮೂರನ್ನೂ ಬಲ್ಲವರು. ತಮ್ಮನ ಮೈಮೇಲಿನ ಗಾಯ ಇನ್ನೂ ಹಸಿಯಾಗಿದ್ದ ಅವರಿಗೆ ಇದು ಬರೀ ಪಕ್ಷದ ಕೆಲಸವಾಗಿರಲಿಲ್ಲ.

ಆ ಕಡೆ ಅರಸು ತಮ್ಮ ಮಂತ್ರಿಮಂಡಲವನ್ನೇ ಕಣಕ್ಕಿಳಿಸಿದರು. ಒಂದು ಹೆಣ್ಣು ಸಿಂಹದ ಎದುರು ನೂರು ಮುಸುವಗಳು ಎಂಬರ್ಥದ ಹಿಂದಿ ಘೋಷಣೆ ದೇಶವೆಲ್ಲ ಕೇಳಿಸಿತು. ಜನತಾದವರು ಹೆಡೆ ಎತ್ತಿದ ನಾಗರಹಾವಿನ ಪೋಸ್ಟರ್ ಅಂಟಿಸಿ, ಇಂದಿರಾ ಮತ್ತೆ ಕಚ್ಚುತ್ತಾರೆ ಎಂದು ಎಚ್ಚರಿಸಿದರಂತೆ. ನಾಗನಿಗೆ ಹಾಲೆರೆಯುವ, ಊರಿಗೊಂದು ನಾಗಬನ ಇಟ್ಟುಕೊಂಡ ಸೀಮೆಯಲ್ಲಿ ಆ ಪೋಸ್ಟರ್ ತಿರುಗುಬಾಣವಾಯಿತೆಂದು ಆ ಚುನಾವಣೆಯ ಬಗ್ಗೆ ಬರೆದವರು ಹೇಳುತ್ತಾರೆ. ನಾನು ಇದಕ್ಕೆ ಹೆಚ್ಚು ತೂಕ ಕೊಡುವುದಿಲ್ಲ. ಪೋಸ್ಟರ್ ನೋಡಿ ಮತ ಬದಲಿಸುವಷ್ಟು ಹಗುರ ಮನಸ್ಸಿನವರಾಗಿರಲಿಲ್ಲ ಈ ಮತದಾರರು. ಅವರ ಮುಂದೆ ಅದಕ್ಕಿಂತ ಗಟ್ಟಿಯಾದ ಕಾಗದಗಳಿದ್ದವು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆಯ ಪ್ರಕಾರ ಗೇಣಿ ಜಮೀನು ಸರ್ಕಾರದ ವಶವಾಗಿ, ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಅವನ ಹೆಸರಿಗೆ ಬರಬೇಕಿತ್ತು. ದಕ್ಷಿಣ ಕನ್ನಡದವರ ಮಾತಿನಲ್ಲಿ ಇದು ‘ಡಿಕ್ಲರೇಶನ್ ಕೊಡುವುದು’. ಕಾರ್ಕಳ, ಬೆಳ್ತಂಗಡಿಯ ಚಾಲಗೇಣಿ ಒಕ್ಕಲಿಗೆ ಆ ಒಂದು ಹಾಳೆ ಎಂದರೆ ಏನು ಎಂಬುದನ್ನು ಊಹಿಸಿಕೊಳ್ಳಬೇಕು. ತಾತನ ಕಾಲದಿಂದ ಉಳುತ್ತಿದ್ದ ಗದ್ದೆ. ಪ್ರತಿ ವರ್ಷ ಮುಡಿಗಟ್ಟಲೆ ಅಕ್ಕಿ ಧಣಿಗಳ ಚಾವಡಿಗೆ ಹೊತ್ತು ಹಾಕಬೇಕು. ಧಣಿ ಏಳು ಎಂದರೆ ಮನೆಮಠ ಬಿಟ್ಟು ಏಳಬೇಕು. ಈಗ ತಾಲ್ಲೂಕು ಕಚೇರಿಯಲ್ಲಿ ಭೂನ್ಯಾಯಮಂಡಳಿ ಕೂತಿದೆ. ಒಕ್ಕಲೂ ಧಣಿಯೂ ಒಂದೇ ಕೋಣೆಯಲ್ಲಿ ನಿಂತು ಹೇಳಿಕೆ ಕೊಡಬೇಕು. ಕಾಯ್ದೆ ಮಂಡಳಿಯೊಳಕ್ಕೆ ವಕೀಲರನ್ನು ಬಿಟ್ಟಿರಲಿಲ್ಲವಾದ್ದರಿಂದ ಧಣಿಯ ಇಂಗ್ಲಿಷ್ ಅಲ್ಲಿ ನಡೆಯುವಂತಿರಲಿಲ್ಲ. ರಾಜ್ಯದಾದ್ಯಂತ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. 1978ರ ನವೆಂಬರ್‌ನಲ್ಲಿ ವಿಚಾರಣೆಗಳು ಇನ್ನೂ ನಡೆಯುತ್ತಲೇ ಇದ್ದವು. ಕಾಂಗ್ರೆಸ್ ಸೋತರೆ ಈ ಕಾಗದ ಏನಾಗುತ್ತದೋ ಎಂಬ ಭಯ ಒಕ್ಕಲಿನ ಮನೆಯಲ್ಲಿ ಸಹಜ.

ಈ ಭೂಸುಧಾರಣೆ ಎಷ್ಟು ದೊಡ್ಡದು ಎಂಬುದರಲ್ಲಿ ವಿದ್ವಾಂಸರು ಒಂದೇ ಮಾತು ಆಡುವುದಿಲ್ಲ. ಜೇಮ್ಸ್ ಮ್ಯಾನರ್ ಅರಸು ಆಳ್ವಿಕೆಯನ್ನು ಕರ್ನಾಟಕದ ಅಧಿಕಾರ ಪ್ರಬಲ ಜಾತಿಗಳ ಕೈಯಿಂದ ಜಾರಿದ ತಿರುವು ಎಂದು ನೋಡುತ್ತಾರೆ. ನರೇಂದರ್ ಪಾಣಿ ಅವರಂಥವರ ಪ್ರಕಾರ, ನಿಜವಾದ ಬದಲಾವಣೆ ಬರದಂತೆ ಮುಂಚೆಯೇ ತಡೆದ ಸುಧಾರಣೆ ಅದು. ಕೂಲಿಯವನಿಗೆ ದಕ್ಕಿದ್ದು ಅತ್ಯಲ್ಪ. ನಮ್ಮ ಕ್ಷೇತ್ರವನ್ನೇ ತೆಗೆದುಕೊಂಡರೆ ಇಬ್ಬರೂ ಸರಿ ಅನ್ನಿಸುತ್ತದೆ. ಘಟ್ಟದ ಕೆಳಗೆ ಗೇಣಿ ವ್ಯಾಪಕವಾಗಿತ್ತು, ಅಲ್ಲಿ ಕಾಯ್ದೆ ಬದುಕನ್ನೇ ತಿರುಗಿಸಿತು. ಕಾಫಿ ತೋಟಗಳು ಭೂಮಿತಿಯಿಂದ ಹೊರಗೇ ಉಳಿದವು, ಲೈನು ಮನೆಯ ಕೂಲಿಗೆ ಏನೂ ಬರಲಿಲ್ಲ. ಶಿವನಿ, ಅಜ್ಜಂಪುರದಂಥ ಬಯಲಿನಲ್ಲಿ ಗೇಣಿ ಅಷ್ಟಾಗಿ ಇರಲಿಲ್ಲ. ಅಲ್ಲಿ ಮುಟ್ಟಿದ್ದು ಸಾಲ ಮನ್ನಾ, ಜೀತ ವಿಮೋಚನೆ, ನಿವೇಶನ, ಹಿಂದುಳಿದ ಜಾತಿಗಳಿಗೆ ಹಾವನೂರು ಆಯೋಗ ತೆರೆದ ಬಾಗಿಲು. ಒಂದೊಂದು ಸೀಮೆಗೆ ಒಂದೊಂದು ಕಾರಣ, ಮುದ್ರೆ ಬಿದ್ದದ್ದು ಮಾತ್ರ ಒಂದೇ ಹಸ್ತದ ಮೇಲೆ.

ಹಾಗಾದರೆ ಸ್ವಾತಂತ್ರ್ಯವೇ ಮುಖ್ಯ ಎಂದುಕೊಂಡ ಮೇಷ್ಟರು, ವಕೀಲರು, ಹಳೆಯ ಸಮಾಜವಾದಿಗಳು ಏನು ಮಾಡಬೇಕಿತ್ತು? ಅವರ ಸಂಕಟ ಬೇರೆಯದು. ವೀರೇಂದ್ರ ಪಾಟೀಲರು ಬಂದದ್ದು ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನಿಂದ. ಕಾಗೋಡಿನ ಗೇಣಿದಾರರ ಪರ ಘೋಷಣೆ ಕೂಗಿ ಬೆಳೆದವನಿಗೆ ಆ ಮನೆ ತನ್ನದಲ್ಲ. ಜನತಾ ಸರ್ಕಾರದ ರಕ್ಷಣಾ ಸಚಿವರು ಜಗಜೀವನ್ ರಾಂ. ತುರ್ತುಪರಿಸ್ಥಿತಿಗೆ ಒಪ್ಪಿಗೆ ಕೋರುವ ನಿರ್ಣಯವನ್ನು 1975ರ ಜುಲೈನಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದವರು ಇದೇ ಮಹಾನುಭಾವರು. ಚರಣ್ ಸಿಂಗ್ ಮತ್ತು ಮೊರಾರ್ಜಿ ಜಗಳದಲ್ಲಿ ಆ ಸರ್ಕಾರ ಆಗಲೇ ಬಿರುಕು ಬಿಟ್ಟಿತ್ತು. ಇಂದಿರಾಗೆ ಮತ ಹಾಕುವುದೆಂದರೆ ಸ್ನೇಹಲತಾ ಅವರ ಸಾವನ್ನು ಮರೆಯುವುದು. ಪಾಟೀಲರಿಗೆ ಹಾಕುವುದೆಂದರೆ ಒಕ್ಕಲಿನ ಎದುರು ನಿಂತ ಧಣಿಗಳ ಸಾಲಿನಲ್ಲಿ ತಾನೂ ನಿಲ್ಲುವುದು. ಮನೆಯಲ್ಲೇ ಉಳಿದರಾಯಿತು ಎಂದು ಕೆಲವರಿಗಾದರೂ ಅನ್ನಿಸದೇ ಇದ್ದೀತೆ?

ಯಾರಿಗೂ ಬೇಡ ಎನ್ನುವವನಿಗೆ ಆಗಿನ ನಿಯಮದಲ್ಲಿ ಇದ್ದ ದಾರಿ ವಿಚಿತ್ರವಾದದ್ದು. 1961ರ ಚುನಾವಣಾ ನಿಯಮಗಳ 41ನೇ ನಿಯಮದಂತೆ, ಮತಪತ್ರ ಪಡೆದ ಮೇಲೆ ಬಳಸುವುದು ಬೇಡ ಅನ್ನಿಸಿದರೆ ಅದನ್ನು ಮತಗಟ್ಟೆ ಅಧಿಕಾರಿಗೆ ಹಿಂದಿರುಗಿಸಬಹುದು. ಅಧಿಕಾರಿ ಅದರ ಮೇಲೆ ‘ಹಿಂದಿರುಗಿಸಿದ್ದು, ರದ್ದು’ ಎಂದು ಗುರುತು ಹಾಕಿ ಬೇರೆ ಲಕೋಟೆಯಲ್ಲಿಡಬೇಕು. ಶಾಲೆಯ ಕೋಣೆ, ಬೆರಳಿಗೆ ಶಾಯಿ, ಬೆಂಚಿನ ಮೇಲೆ ಎರಡೂ ಪಕ್ಷಗಳ ಏಜೆಂಟರು. ಅವರಿಬ್ಬರ ಕಣ್ಣೆದುರೇ ಚೀಟಿ ವಾಪಸು ಕೊಡಬೇಕು. ಯಾರಿಗೆ ಹಾಕಿದೆ ಎಂಬುದು ಗುಟ್ಟು. ಯಾರಿಗೂ ಹಾಕಲಿಲ್ಲ ಎಂಬುದು ಮಾತ್ರ ಬಟಾಬಯಲು. ಹಳ್ಳಿಯಲ್ಲಿ ಆ ಧೈರ್ಯ ಎಷ್ಟು ಜನಕ್ಕಿದ್ದೀತು? ಉಳಿದದ್ದು ಎರಡು ಕಡೆ ಮುದ್ರೆ ಒತ್ತಿ ಮತವನ್ನು ಕೆಡಿಸುವುದು. ಅದು ಎಣಿಕೆ ಮೇಜಿನಲ್ಲಿ ಅಕ್ಷರ ಗೊತ್ತಿಲ್ಲದವನ ಅಸಿಂಧು ಮತದ ಜತೆ ಒಂದೇ ಕಟ್ಟಿಗೆ ಬೀಳುತ್ತದೆ. ಸಿಟ್ಟಿಗೂ ಕೈತಪ್ಪಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಎಣಿಕೆ ಮುಗಿದಾಗ ಇಂದಿರಾಗೆ 2,49,376, ಪಾಟೀಲರಿಗೆ 1,72,043 ಮತ. ಅಂತರ 77,333. ಜೈಲಿಗೆ ಹೋಗಬೇಕಾದವರು ಸಂಸತ್ತಿಗೆ ಹೋದರು ಎಂದು ಜನತಾದವರು ತಲೆ ಚಚ್ಚಿಕೊಂಡರು. ಗೆಲುವಿನ ಕಾರಣದ ಬಗ್ಗೆ ಅಂದಿನಿಂದ ವಾದ ನಡೆದೇ ಇದೆ. ಇಂದಿರಮ್ಮನ ಮೇಲಿನ ಹೆಂಗಸರ ಅಕ್ಕರೆ ಎಂದು ಒಬ್ಬರು, ಅರಸು ಕಟ್ಟಿದ ಹಿಂದುಳಿದವರ ಒಕ್ಕೂಟ ಎಂದು ಇನ್ನೊಬ್ಬರು, ಸರ್ಕಾರದ ಜೀಪು ಮತ್ತು ಹಣ ಎಂದು ಮತ್ತೊಬ್ಬರು. ಅಕ್ಕರೆ ಮತ್ತು ಒಕ್ಕೂಟವನ್ನು ಆ ದಿನ ಬೇರ್ಪಡಿಸುವುದು ಸಾಧ್ಯವಿರಲಿಲ್ಲ. ಬೇರ್ಪಡಿಸುವ ಕಾಲ ಎರಡು ವರ್ಷದೊಳಗೇ ಬಂತು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ದೆಹಲಿ. ಪ್ರಧಾನಿಯಾಗಿದ್ದಾಗ ಮಾರುತಿ ಸಂಸ್ಥೆಯ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಕಿರುಕುಳ ಕೊಟ್ಟು ಸದನದ ಹಕ್ಕುಚ್ಯುತಿ ಮಾಡಿದರೆಂದು 1978ರ ಡಿಸೆಂಬರ್ 19ರಂದು ಲೋಕಸಭೆ ಇಂದಿರಾರನ್ನು ಉಚ್ಚಾಟಿಸಿತು. ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲು. ಚಿಕ್ಕಮಗಳೂರಿನ ಎರಡೂವರೆ ಲಕ್ಷ ಮತಗಳಿಗೆ ಆರೇ ವಾರದ ಆಯುಸ್ಸು. ತತ್ವಕ್ಕೆ ಕಟ್ಟುಬಿದ್ದು ಹೀಗೆ ಮಾಡಿದೆವು ಎಂದವರು, ಮತದಾರನ ತೀರ್ಪನ್ನು ಸದನದ ಬಹುಮತದಿಂದ ಅಳಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆ ಉಚ್ಚಾಟನೆಯನ್ನು 1981ರಲ್ಲಿ ಮುಂದಿನ ಲೋಕಸಭೆ ರದ್ದು ಮಾಡಿತು. ಅಷ್ಟರಲ್ಲಿ ಬಹುಮತ ಕೈ ಬದಲಾಗಿತ್ತು. ಅದೇ ಡಿಸೆಂಬರ್‌ನಲ್ಲಿ ಜನತಾ ಸರ್ಕಾರ ಒಂದು ಒಳ್ಳೆಯ ಕೆಲಸವನ್ನೂ ಮಾಡಿತ್ತು. ಒಳಗಿನ ಗಲಭೆಯ ನೆಪದಲ್ಲಿ ತುರ್ತುಪರಿಸ್ಥಿತಿ ಹೇರಲಾಗದಂತೆ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತು ಮಾಡಲಾಗದಂತೆ ಸಂವಿಧಾನಕ್ಕೆ 44ನೇ ತಿದ್ದುಪಡಿ ತಂದಿತು. ಇಂದಿರಾ ಚಿಕ್ಕಮಗಳೂರಿನ ಸದಸ್ಯೆಯಾಗಿದ್ದ ಆ ಆರು ವಾರಗಳಲ್ಲೇ ಲೋಕಸಭೆ ಅದಕ್ಕೆ ಅಂತಿಮ ಒಪ್ಪಿಗೆ ಕೊಟ್ಟದ್ದು.

ಮುಂದಿನ ಎರಡು ವರ್ಷ ಒಬ್ಬರೂ ನಿಂತ ಜಾಗದಲ್ಲಿ ನಿಲ್ಲಲಿಲ್ಲ. 1979ರ ಜೂನ್‌ನಲ್ಲಿ ಅರಸು ಮತ್ತು ಇಂದಿರಾ ಬೇರೆಯಾದರು. ಜುಲೈನಲ್ಲಿ ಜಾರ್ಜ್ ಫರ್ನಾಂಡಿಸ್ ಮೊರಾರ್ಜಿ ಸರ್ಕಾರವನ್ನು ಲೋಕಸಭೆಯಲ್ಲಿ ಗಟ್ಟಿಯಾಗಿ ಸಮರ್ಥಿಸಿ, ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು ಚರಣ್ ಸಿಂಗ್ ಕಡೆ ಹೋದರು. 1980ರ ಜನವರಿಯ ಚುನಾವಣೆಯಲ್ಲಿ ಇಂದಿರಾ ನಿಂತದ್ದು ರಾಯ್‌ಬರೇಲಿ ಮತ್ತು ಆಂಧ್ರದ ಮೇದಕ್‌ನಲ್ಲಿ. ಕಷ್ಟಕಾಲಕ್ಕೆ ಕೈಹಿಡಿದ ಚಿಕ್ಕಮಗಳೂರಿನಲ್ಲಲ್ಲ. ಭೂಮಿ ಕೊಡಿಸಿದ ಅರಸು ಒಂದು ಕಡೆ, ಹಸ್ತದ ಗುರುತು ಇನ್ನೊಂದು ಕಡೆ ಎಂದಾದಾಗ ಕರ್ನಾಟಕ ಹಸ್ತವನ್ನೇ ಆರಿಸಿತು: 28ರಲ್ಲಿ 27. ಅರಸು ಕಾಂಗ್ರೆಸ್ಸಿಗೆ ಒಂದೂ ಇಲ್ಲ. ಎರಡು ವರ್ಷದ ಹಿಂದಿನ ವಾದಕ್ಕೆ ಅಷ್ಟರ ಮಟ್ಟಿಗೆ ಉತ್ತರ ಸಿಕ್ಕಿತು. ಅರಸು 1982ರ ಜೂನ್ 6ರಂದು ತೀರಿಕೊಂಡರು.

ಇನ್ನು ವೀರೇಂದ್ರ ಪಾಟೀಲರು. ಇಂದಿರಾ ಸರ್ವಾಧಿಕಾರಿ, ಅವರನ್ನು ತಡೆಯಲೇಬೇಕು ಎಂದು ಒಂದು ಲಕ್ಷದ ಎಪ್ಪತ್ತೆರಡು ಸಾವಿರ ಜನ ಯಾರ ಹೆಸರಿನ ಮುಂದೆ ಮುದ್ರೆ ಒತ್ತಿದ್ದರೋ ಅವರು ಎರಡು ವರ್ಷ ತುಂಬುವುದರೊಳಗೆ, 1980ರಲ್ಲಿ, ಇಂದಿರಾ ಸಂಪುಟದಲ್ಲೇ ಪೆಟ್ರೋಲಿಯಂ ಸಚಿವರಾಗಿದ್ದರು. 1989ರಲ್ಲಿ ಅದೇ ಪಕ್ಷಕ್ಕೆ ಕರ್ನಾಟಕದಲ್ಲಿ 178 ಸ್ಥಾನ ಗೆಲ್ಲಿಸಿಕೊಟ್ಟು ಮತ್ತೆ ಮುಖ್ಯಮಂತ್ರಿಯಾದರು. ವರ್ಷ ತುಂಬುವಷ್ಟರಲ್ಲಿ ಕಾಯಿಲೆ ಮಲಗಿದ್ದ ಅವರನ್ನು ಬದಲಿಸುವ ನಿರ್ಧಾರವನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಕಟಿಸಿದರು.

ಇದನ್ನೆಲ್ಲ ನೋಡಿ, ಅಂದು ಮನೆಯಲ್ಲೇ ಉಳಿದವನೇ ಜಾಣ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪಾಟೀಲರು ಬದಲಾದರು, ಆದರೆ 1,72,043 ಎಂಬ ಅಂಕಿ ಬದಲಾಗಲಿಲ್ಲ. ಅರಸು ಸರ್ಕಾರದ ಪೂರ್ತಿ ಬಲದ ಎದುರು, ಇಂದಿರಾ ಖುದ್ದಾಗಿ ನಿಂತಿದ್ದಾಗ, ತುರ್ತುಪರಿಸ್ಥಿತಿಯನ್ನು ಮರೆಯದವರು ಇಲ್ಲಿ ಇಷ್ಟು ಮಂದಿ ಇದ್ದರು ಎಂಬುದಕ್ಕೆ ಅದೊಂದೇ ದಾಖಲೆ. ಅದೇ ಮನಸ್ಸಿನಿಂದ ಮತಗಟ್ಟೆಗೆ ಹೋಗದವರು ಜ್ವರ ಬಂದು ಮಲಗಿದವರ, ಸಂತೆಗೆ ಹೋದವರ, ಪಟ್ಟಿಯಲ್ಲಿ ಹೆಸರು ಉಳಿದ ಸತ್ತವರ ಲೆಕ್ಕಕ್ಕೆ ಸೇರಿಹೋದರು. ಹಾಗೆಯೇ ಇಂದಿರಾಗೆ ಮತ ಹಾಕಿದ ಕಾರ್ಕಳದ ಒಕ್ಕಲನ್ನು ಸ್ವಾತಂತ್ರ್ಯದ ಬೆಲೆ ತಿಳಿಯದವನು ಎಂದು ಹಂಗಿಸುವುದು ನನ್ನಿಂದಾಗದು. ಧಣಿಯ ಅಂಗಳದಲ್ಲಿ ತಲೆ ಬಗ್ಗಿಸಿ ನಿಲ್ಲುವುದು ತಪ್ಪಿದ್ದೇ ಅವನು ಕಂಡ ಸ್ವಾತಂತ್ರ್ಯ. 2002ರಲ್ಲಿ ಫ್ರಾನ್ಸಿನ ಎಡಪಂಥೀಯರು ಮೂಗು ಮುಚ್ಚಿಕೊಂಡು ಬಲಪಂಥದ ಷಿರಾಕ್‌ಗೆ ಮತ ಹಾಕಿ, ಲೆ ಪೆನ್ ಬರದಂತೆ ತಡೆದರು. ಷಿರಾಕ್‌ಗೆ ಬಂದದ್ದು ಶೇ. 82. ಆ ಶೇ. 82ರಲ್ಲಿ ಪ್ರೀತಿ ಎಷ್ಟು, ಭಯ ಎಷ್ಟು ಎಂದು ಯಾರೂ ಅಳೆಯಲಾರರು. ಚಿಕ್ಕಮಗಳೂರಿನ 2,49,376ರ ಕತೆಯೂ ಅಷ್ಟೇ.

ಮನೆಯಲ್ಲಿ ಉಳಿಯಬಯಸುವವರಿಗೆ ಕಾನೂನು ಆಮೇಲೆ ಒಂದಿಷ್ಟು ಗೌರವ ಕೊಟ್ಟಿತು. ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಮತಯಂತ್ರದ ಕೊನೆಯಲ್ಲಿ ‘ನೋಟಾ’ ಗುಂಡಿ ಬಂತು. ಏಜೆಂಟರ ಎದುರು ಚೀಟಿ ವಾಪಸು ಕೊಡುವ ಮುಜುಗರ ಈಗಿಲ್ಲ. ಆದರೆ ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ನೋಟಾಗೇ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಅದರ ನಂತರದ ಅಭ್ಯರ್ಥಿಯೇ ಗೆದ್ದಂತೆ. ಶೃಂಗೇರಿ, ಕೊಪ್ಪದ ಕಾಡಂಚಿನಲ್ಲಿ ನಕ್ಸಲರು ಚುನಾವಣೆ ಬಹಿಷ್ಕಾರದ ಕರೆ ಕೊಟ್ಟ ಕಾಲವೂ ಬಂತು, ಹೋಯಿತು. ರಸ್ತೆ, ಸೇತುವೆ ಮಾಡಿಕೊಡದಿದ್ದರೆ ಮತ ಹಾಕುವುದಿಲ್ಲವೆಂದು ಬ್ಯಾನರ್ ಕಟ್ಟುವ ಹಳ್ಳಿಗಳು ಮಲೆನಾಡಿನಲ್ಲಿ ಈಗಲೂ ಇವೆ. ಬ್ಯಾನರ್ ಕಂಡೊಡನೆ ತಹಶೀಲ್ದಾರರು ಓಡಿಬರುತ್ತಾರೆ. ಹಾಕದ ಮತಕ್ಕಿಂತ ಹಾಕುವುದಿಲ್ಲ ಎಂಬ ಬೆದರಿಕೆಗೇ ಬೆಲೆ ಜಾಸ್ತಿ.

1978ರಲ್ಲಿ ಕ್ಷಮಿಸಿದ ಕರ್ನಾಟಕ ಹಸ್ತಕ್ಕೆ ಕಾಯಂ ಚೀಟಿ ಬರೆದುಕೊಟ್ಟಿರಲಿಲ್ಲ ಎಂಬುದು ಗೊತ್ತಾಗಲು ಐದು ವರ್ಷ ಸಾಕಾಯಿತು. 1983ರ ಜನವರಿಯಲ್ಲಿ ಗುಂಡೂರಾಯರ ಸರ್ಕಾರವನ್ನು ಕೆಳಗಿಳಿಸಿ ರಾಜ್ಯ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ತಂದಿತು. 1984ರ ಡಿಸೆಂಬರ್‌ನಲ್ಲಿ, ಇಂದಿರಾ ಹತ್ಯೆಯ ಬಳಿಕ, 28ರಲ್ಲಿ 24 ಲೋಕಸಭಾ ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು. ಮೂರೇ ತಿಂಗಳಿಗೆ, 1985ರ ಮಾರ್ಚ್‌ನಲ್ಲಿ, ವಿಧಾನಸಭೆಯ 139 ಸ್ಥಾನಗಳನ್ನು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಕೊಟ್ಟಿತು. 1983ರಿಂದ ಆ ಪಕ್ಷದ ಆಳ್ವಿಕೆಯಲ್ಲಿ ವಿಧಾನಸಭೆಯ ಸ್ಪೀಕರ್ ಕುರ್ಚಿಯಲ್ಲಿ ಕೂತಿದ್ದವರು ಡಿ.ಬಿ. ಚಂದ್ರೇಗೌಡರು, ಇಂದಿರಾಗಾಗಿ ಚಿಕ್ಕಮಗಳೂರನ್ನು ಬಿಟ್ಟುಕೊಟ್ಟವರು.